ಮೈದಾನದ ಗೆರೆ, ಹಾಜರಿಯ ಗೆರೆ

ಕಬಡ್ಡಿ ಅಂಕಣದ ಗೆರೆಗಳನ್ನು ಸುಣ್ಣದ ಪುಡಿಯಲ್ಲಿ ಎಳೆಯುತ್ತಾರೆ. ನಡುಗೆರೆ, ಬೋನಸ್ ಗೆರೆ, ಲಾಬಿ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಕಾಲು ಯಾವುದರ ಮೇಲೆ ಬಿತ್ತು ಎಂದು ನೋಡಲು ಅಂಪೈರ್ ಇರುತ್ತಾರೆ, ಸಂಶಯ ಬಂದರೆ ಕೂಗಾಡಲು ಊರಿಗೆ ಊರೇ ಇರುತ್ತದೆ. ಆದರೆ ಹದಿನೆಂಟರ ಹರೆಯದ ಆಟಗಾರನನ್ನು ನಿಜವಾಗಿ ಔಟ್ ಮಾಡುವ ಗೆರೆಗಳು ಮೈದಾನದಲ್ಲಿ ಇರುವುದಿಲ್ಲ. ಅವು ಹಾಜರಿ ಪುಸ್ತಕದಲ್ಲಿ, ಮಾರ್ಕ್ಸ್ ಕಾರ್ಡಿನಲ್ಲಿ, ವಿಶ್ವವಿದ್ಯಾಲಯದ ಎಲಿಜಿಬಿಲಿಟಿ ಫಾರಂನಲ್ಲಿ ಇರುತ್ತವೆ. ಆ ಗೆರೆ ಮೆಟ್ಟಿದ್ದು ಹುಡುಗನಿಗೆ ಗೊತ್ತಾಗುವ ಹೊತ್ತಿಗೆ ಸೀಟಿ ಊದಿ ಆಗಿರುತ್ತದೆ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಸೀಮೆಗೆ ಆಟವೇನೂ ಹೊಸದಲ್ಲ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಗಾಗುವ ಮುಂಚೆಯೇ ಎದ್ದು ಎಳ್ಳೆಣ್ಣೆ ಕುಡಿಯುವುದು, ಮೈಗೆಲ್ಲ ಅದೇ ಎಣ್ಣೆ ಹಚ್ಚಿಸಿಕೊಳ್ಳುವುದು, ಭಾರ ಎತ್ತುವುದು, ಕತ್ತಿ ತಿರುಗಿಸುವುದು, ಜಟ್ಟಿಯೊಡನೆ ಕುಸ್ತಿ ಹಿಡಿಯುವುದು, ಆಮೇಲೆ ಕುದುರೆ ಏರುವುದು. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಆ ಕಾಲದ ಜಟ್ಟಿಗಳು ಇಂದಿಗೂ ಪಟ್ಟು ಬಿಟ್ಟಿಲ್ಲ. ಹಂಪಿ ಉತ್ಸವ ಬಂತೆಂದರೆ ಕುಸ್ತಿ ನೋಡಲು ಸುತ್ತಲಿನ ಹಳ್ಳಿಗಳ ಜನ ಸೇರುತ್ತಾರೆ. ಅಂದಿನ ಜಟ್ಟಿಯನ್ನು ಯಾರೂ ಟಿ.ಸಿ. ಕೇಳಿರಲಾರರು. ಇಂದಿನವನಿಗೆ ಟಿ.ಸಿ. ಇಲ್ಲದೆ ಅಖಾಡವಿಲ್ಲ.

ಪದವಿಪೂರ್ವ ಕಾಲೇಜನ್ನು ಈ ಕಡೆಯ ಹಿರಿಯರು ಇಂದಿಗೂ 'ಜೂನಿಯರ್ ಕಾಲೇಜು' ಎನ್ನುತ್ತಾರೆ. ಅದರ ಎರಡು ವರ್ಷದಲ್ಲಿ ಹುಡುಗರು ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಹತ್ತುತ್ತಾರೆ. ಗಟ್ಟಿಯಿದ್ದವರು ಶಾಲಾ ಕ್ರೀಡಾ ಫೆಡರೇಷನ್ನಿನ 19 ವರ್ಷದೊಳಗಿನವರ ರಾಷ್ಟ್ರೀಯ ಕೂಟದ ತನಕ ಹೋಗುತ್ತಾರೆ. ಅಲ್ಲಿಂದ ಮುಂದಿನದು ಡಿಗ್ರಿ ಕಾಲೇಜು, ಅಂತರ ಕಾಲೇಜು ಪಂದ್ಯ, ವಿಶ್ವವಿದ್ಯಾಲಯದ ತಂಡ. ಈ ಎರಡು ಏಣಿಗಳ ನಡುವೆ ಒಂದು ಸಂದಿ ಇದೆ. ಒಳ್ಳೊಳ್ಳೆಯ ಆಟಗಾರರು ಕಾಲು ಜಾರುವುದು ಅಲ್ಲೇ.

ಕಂಪ್ಲಿಯ ಒಬ್ಬ ಹುಡುಗನ ಕತೆ ಇಂಥದು. ಅಪ್ಪ ಇಲ್ಲ. ತಾಯಿ ಭತ್ತದ ನಾಟಿಗೆ, ಕಳೆ ಕೀಳುವುದಕ್ಕೆ ಕೂಲಿ ಹೋಗುವಾಕೆ. 2014ರಲ್ಲಿ ಪ್ರೊ ಕಬಡ್ಡಿ ಟಿ.ವಿ.ಯಲ್ಲಿ ಬಂದ ಮೇಲೆ ಹೊಳೆದಂಡೆಯ ಮರಳಿನಲ್ಲಿ ಆಟ ಕಲಿತ ಪೀಳಿಗೆ ಅವನದು. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಸುಮಾರಾಗಿಯೇ ಬಂದವು. ನೆಂಟರೆಲ್ಲ ಸೇರಿ ಸೈನ್ಸ್ ಕೊಡಿಸಿದರು. ಸೈನ್ಸ್ ಎಂದರೆ ಬರೀ ಪುಸ್ತಕವಲ್ಲ, ಮಧ್ಯಾಹ್ನದ ಪ್ರಯೋಗಾಲಯವೂ ಹೌದು ಎಂಬುದನ್ನು ಯಾರೂ ಹೇಳಲಿಲ್ಲ. ನೂರರಲ್ಲಿ 30 ಅಂಕ ಪ್ರಯೋಗಕ್ಕೆ. ಪ್ರಯೋಗ ನಡೆಯುವ ಹೊತ್ತಿಗೇ ಇವನ ಅಭ್ಯಾಸ. ಮೊದಲ ವರ್ಷ ಹೇಗೋ ದಾಟಿದ. ಎರಡನೆಯ ವರ್ಷ ರಾಜ್ಯಮಟ್ಟಕ್ಕೆ ಆಯ್ಕೆಯಾದ. ಊರಲ್ಲಿ ಬ್ಯಾನರ್ ಕಟ್ಟಿದರು. ಬ್ಯಾನರ್ ಇನ್ನೂ ಗಾಳಿಗೆ ಹಾರುತ್ತಿದ್ದಾಗಲೇ ಕಾಲೇಜಿನಿಂದ ಕರೆ ಬಂತು: ಹಾಜರಿ ಸಾಲದು, ತಾಯಿಯನ್ನು ಕರೆದುಕೊಂಡು ಬಾ.

'ಸಾರ್, ಕಾಲೇಜಿನ ಹೆಸ್ರಲ್ಲೇ ಆಡಾಕೆ ಹೋಗಿದ್ದ. ಈಗ ಕಾಲೇಜಿಗೆ ಬಂದಿಲ್ಲ ಅಂತೀರಲ್ಲ' ಎಂದಳು ತಾಯಿ. ಅದಕ್ಕೆ ಅಲ್ಲಿ ಯಾರ ಬಳಿಯೂ ನೆಟ್ಟಗೆ ಉತ್ತರವಿರಲಿಲ್ಲ. ಕ್ರೀಡಾಕೂಟಕ್ಕೆ ಹೋದ ದಿನಗಳನ್ನು 'ಆನ್ ಡ್ಯೂಟಿ' ಎಂದು ಬರೆಯುವ ರೂಢಿಯೇನೋ ಉಂಟು. ಆದರೆ ಅದು ತಾನಾಗಿ ಆಗುವ ಕೆಲಸವಲ್ಲ. ಹೋಗುವ ಮುಂಚೆ ಒಂದು ಅರ್ಜಿ ಕೊಡಬೇಕು. ಬಂದ ಮೇಲೆ ಭಾಗವಹಿಸಿದ ಪತ್ರದ ಜೆರಾಕ್ಸ್ ಒದಗಿಸಬೇಕು. ಯಾರಾದರೂ ಅದನ್ನು ಹಾಜರಿ ಪುಸ್ತಕಕ್ಕೆ ಏರಿಸಬೇಕು. ಹುಡುಗ ಮೂರನ್ನೂ ಮಾಡಿರಲಿಲ್ಲ, ಮಾಡು ಎಂದು ಯಾರೂ ಹೇಳಿರಲಿಲ್ಲ. ಎಷ್ಟೋ ಪಿಯು ಕಾಲೇಜುಗಳಲ್ಲಿ ದೈಹಿಕ ಶಿಕ್ಷಣಕ್ಕೆಂದೇ ಉಪನ್ಯಾಸಕರಿಲ್ಲ. ಬೇರೆ ವಿಷಯದವರೊಬ್ಬರು ಕೊರಳಿಗೆ ಸೀಟಿ ಹಾಕಿಕೊಂಡು ತಂಡ ಕರೆದೊಯ್ಯುತ್ತಾರೆ. ಕಾಗದಪತ್ರ ಅನಾಥವಾಗುತ್ತದೆ.

ಅವನ ದಿನಗಳು ಎಲ್ಲಿ ಹೋದವು? ಲೆಕ್ಕ ಹಾಕಿ ನೋಡಬಹುದು. ವರ್ಷಕ್ಕೆ 200 ದಿನ ತರಗತಿ ಎಂದಿಟ್ಟುಕೊಳ್ಳಿ. ಶೇಕಡಾ 75 ಹಾಜರಿ ಎಂದರೆ 150 ದಿನ. ಕಳೆದುಕೊಳ್ಳಲು ಉಳಿದದ್ದು 50. ತಾಲ್ಲೂಕು ಪಂದ್ಯಕ್ಕೆ 1, ಜಿಲ್ಲೆಗೆ 2, ಪ್ರಯಾಣ ಸೇರಿ ರಾಜ್ಯಮಟ್ಟಕ್ಕೆ 4, ತರಬೇತಿ ಶಿಬಿರಕ್ಕೆ 10, ರಾಷ್ಟ್ರೀಯ ಕೂಟಕ್ಕೆ ಆಯ್ಕೆಯಾದರೆ ಹೋಗಿಬರಲು 9. ಒಟ್ಟು 26. ಆನ್ ಡ್ಯೂಟಿ ಬರೆಸದೇ ಇದ್ದರೂ ಇನ್ನೂ 24 ದಿನ ಕೈಯಲ್ಲಿವೆ. ಹಾಗಾದರೆ ಮುಳುಗಿಸಿದ್ದು ಯಾವುದು?

ಮುಳುಗಿಸಿದ್ದು ಹೊನಲು ಬೆಳಕಿನ ಪಂದ್ಯ. ಜಾತ್ರೆ, ಉರುಸು, ಗಣೇಶನ ಹಬ್ಬ, ಯಾರದೋ ಹುಟ್ಟುಹಬ್ಬ, ಒಂದೊಂದಕ್ಕೂ ಒಂದು ಕಪ್ಪು, ಒಂದಿಷ್ಟು ನಗದು. ರಾತ್ರಿಯಿಡೀ ಆಟ, ಮರುದಿನ ನಿದ್ದೆ. ಪಂದ್ಯಕ್ಕೆ ಎರಡು ದಿನದಂತೆ ಎಂಟು ಪಂದ್ಯಕ್ಕೆ 16 ದಿನ. ಉಳಿದದ್ದು 8. ಮೊಣಕಾಲು ನೋವು, ಜ್ವರ, ಮದುವೆ ಎಂದು 10 ದಿನ ಹೋದರೆ ಹಾಜರಿ 148ಕ್ಕೆ ನಿಂತಿತು. ಅಂದರೆ ಶೇಕಡಾ 74. ಬೋನಸ್ ಗೆರೆಗೆ ಹೆಬ್ಬೆರಳು ತಾಗದೇ ಹೋದ ಹಾಗೆ.

ಈ ಲೆಕ್ಕದಲ್ಲಿ ಕಣ್ಣಿಗೆ ಹೊಡೆಯುವುದು ಒಂದೇ ಸಂಗತಿ. ದಿನಗಳನ್ನು ಸುಮ್ಮನೆ ತಿಂದುಹಾಕಿದ 16 ದಿನಗಳ ಆಟ ಮುಂದೆ ಯಾವ ಕಚೇರಿಯಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಕೇಂದ್ರ ಸರ್ಕಾರದ ಕೆಲಸಗಳಿಗೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕುವಾಗ ಕೇಳುವ ಪ್ರಮಾಣಪತ್ರಗಳಿಗೆ ಗೊತ್ತಾದ ನಮೂನೆಗಳಿವೆ. ದೇಶದ ಪರ ಆಡಿದವರಿಗೆ ಫಾರಂ 1, ರಾಜ್ಯದ ಪರವಾಗಿ ರಾಷ್ಟ್ರೀಯ ಕೂಟದಲ್ಲಿ ಆಡಿದವರಿಗೆ ಫಾರಂ 2, ವಿಶ್ವವಿದ್ಯಾಲಯದ ಪರ ಅಂತರ ವಿಶ್ವವಿದ್ಯಾಲಯ ಪಂದ್ಯ ಆಡಿದವರಿಗೆ ಫಾರಂ 3, ರಾಜ್ಯದ ಶಾಲಾ ತಂಡದಲ್ಲಿ ರಾಷ್ಟ್ರೀಯ ಶಾಲಾ ಕೂಟ ಆಡಿದವರಿಗೆ ಫಾರಂ 4. ಜಾತ್ರೆಯ ಕಪ್ಪಿಗೆ ಫಾರಂ ಇಲ್ಲ. ಅದರಿಂದ ಮನೆಗೆ ಒಂದಿಷ್ಟು ಅಕ್ಕಿ ಬಂದಿರಬಹುದು. ಬಡವರ ಮನೆಯಲ್ಲಿ ಅದೂ ಸಣ್ಣ ಮಾತಲ್ಲ. ಆದರೆ ಅಕ್ಕಿಯ ಬೆಲೆ ಎಷ್ಟು, ಹೋದ ವರ್ಷದ ಬೆಲೆ ಎಷ್ಟು ಎಂದು ತೂಗಿ ನೋಡುವವರು ಬೇಕಲ್ಲ.

ವರ್ಷ ಹೋಗುವುದು ಎಂದರೇನು ಎಂಬುದನ್ನೂ ಬಿಡಿಸಿ ನೋಡಬೇಕು. ದ್ವಿತೀಯ ಪಿಯುಸಿಯಲ್ಲಿ ನಪಾಸಾದ ಹುಡುಗ ಡಿಗ್ರಿ ಸೇರುವಂತಿಲ್ಲ, ಹಾಗಾಗಿ ವಿಶ್ವವಿದ್ಯಾಲಯದ ಮೈದಾನ ಇಲ್ಲ. ಅಷ್ಟರಲ್ಲಿ 19 ದಾಟಿದರೆ ಶಾಲಾ ಕೂಟದ ಮೈದಾನವೂ ಇಲ್ಲ. ಅತ್ತ ದರಿ, ಇತ್ತ ಪುಲಿ. ಅವನಿಗೆ ಉಳಿಯುವುದು ಮತ್ತದೇ ಹೊನಲು ಬೆಳಕು. ಇತರ ವಿದ್ಯಾರ್ಥಿಗೆ ಒಂದು ವರ್ಷ ತಡವಾದರೆ ಓದು ತಡವಾಗುತ್ತದೆ, ಅಷ್ಟೆ. ಆಟಗಾರನಿಗೆ ಒಂದು ವರ್ಷ ಹೋದರೆ ಕಾಲಿನ ಕಸುವಿನ ಒಂದು ವರ್ಷ ಹೋಗುತ್ತದೆ, ಅದನ್ನು ಮರುಪರೀಕ್ಷೆಯಲ್ಲಿ ಬರೆದುಕೊಡಲಾಗದು.

ಕಂಪ್ಲಿಯ ಹುಡುಗನ ಪುಣ್ಯ, ಆನ್ ಡ್ಯೂಟಿ ಪತ್ರಗಳನ್ನು ತಡವಾಗಿಯಾದರೂ ಹುಡುಕಿ ಕೊಟ್ಟಿದ್ದರಿಂದ ಪರೀಕ್ಷೆಗೆ ಕೂರಲು ಬಿಟ್ಟರು. ಮಾರ್ಚಿನಲ್ಲಿ ಬರೆದ. ಫಿಸಿಕ್ಸು, ಗಣಿತ ಎರಡೂ ಹೋದವು. ಹಿಂದಿನ ಕಾಲವಾಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತೇನೋ. 2024ರಲ್ಲೂ 2025ರಲ್ಲೂ ಕರ್ನಾಟಕದಲ್ಲಿ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಇದ್ದವು. 2025ರಲ್ಲಿ ಮೊದಲನೆಯದರ ಫಲಿತಾಂಶ ಏಪ್ರಿಲ್‌ನಲ್ಲಿ ಬಂದರೆ, ಮೂರನೆಯದರ ಫಲಿತಾಂಶ ಜುಲೈ ಮೊದಲಿಗೇ ಬಂತು. ಅದೇ ವರ್ಷ ಡಿಗ್ರಿ ಸೇರಿಕೊಳ್ಳಲು ಈ ಏರ್ಪಾಟು ದಾರಿ ಮಾಡಿಕೊಟ್ಟಿತು. ಹುಡುಗ ಎರಡನೆಯ ಸಲ ಗಣಿತ ದಾಟಿದ, ಮೂರನೆಯ ಸಲ ಫಿಸಿಕ್ಸ್ ದಾಟಿದ. ಆ ಮೂರು ತಿಂಗಳು ಒಂದೇ ಒಂದು ರಾತ್ರಿ ಪಂದ್ಯ ಆಡಲಿಲ್ಲ. ತಾಯಿ ಅವನ ಬೂಟುಗಳನ್ನು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದಳು.

ಇನ್ನು ಯಾವ ಕಾಲೇಜು? ಹೊಳೆಯಾಚೆ ಗಂಗಾವತಿ ಹತ್ತಿರ. ಅಲ್ಲಿನ ಒಂದು ಕಾಲೇಜಿನವರು ಫೀಜು ಬೇಡ, ಟ್ರ್ಯಾಕ್ ಸೂಟ್ ಕೊಡುತ್ತೇವೆ, ಬಾ ಎಂದಿದ್ದರು. ಹೊಸಪೇಟೆ ಮೂವತ್ತು ಕಿಲೋಮೀಟರ್ ಆಸುಪಾಸು, ಬಸ್ ಪಾಸು ಬೇಕು. ಮೇಲುನೋಟಕ್ಕೆ ಗಂಗಾವತಿಯೇ ಸರಿ. ಆದರೆ ಭೂಪಟದಲ್ಲಿ ಕಾಣದ ಗೆರೆಗಳು ಇಲ್ಲಿ ಶುರುವಾಗುತ್ತವೆ.

ಒಂದು ಕಾಲಕ್ಕೆ ಈ ಸೀಮೆಯ ಡಿಗ್ರಿ ಕಾಲೇಜುಗಳೆಲ್ಲ ಗುಲ್ಬರ್ಗ ವಿಶ್ವವಿದ್ಯಾಲಯದವು. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಆಯಿತು. ಬಳ್ಳಾರಿ, ಕೊಪ್ಪಳ ಎರಡೂ ಜಿಲ್ಲೆಯ ಕಾಲೇಜುಗಳು ಅದರಡಿ ಬಂದವು. 2023ರಲ್ಲಿ ಕೊಪ್ಪಳಕ್ಕೇ ಬೇರೆ ವಿಶ್ವವಿದ್ಯಾಲಯ ಬಂತು. ಇಂಥ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕೋ ಬೇಡವೋ ಎಂಬ ಚರ್ಚೆಯೂ 2025ರಲ್ಲಿ ನಡೆಯಿತು. ಜಿಲ್ಲೆಯ ಗೆರೆಯೂ ಹೀಗೆಯೇ ಸರಿದಿದೆ. ಕಂಪ್ಲಿ ಮೊದಲು ಹೊಸಪೇಟೆ ತಾಲ್ಲೂಕಿನಲ್ಲಿತ್ತು. 2018ರಲ್ಲಿ ಅದೇ ತಾಲ್ಲೂಕಾಯಿತು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಕಂಪ್ಲಿ ಮತ್ತು ಸಂಡೂರು ಬಳ್ಳಾರಿಯಲ್ಲೇ ಉಳಿದವು. ಅಣ್ಣ ಹೊಸಪೇಟೆ ಹುಡುಗರ ಜತೆ ಸೇರಿ ಒಂದೇ ಜಿಲ್ಲಾ ತಂಡದಲ್ಲಿ ಆಡಿದ್ದರೆ, ತಮ್ಮ ಅವರ ಎದುರು ಆಡಬೇಕು.

ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ನಿಯಮಗಳು ಈ ಗೆರೆಗಳನ್ನು ಗಟ್ಟಿಯಾಗಿ ಹಿಡಿಯುತ್ತವೆ. ಅಂತರ ವಿಶ್ವವಿದ್ಯಾಲಯ ಪಂದ್ಯ ಆಡುವವನು ಪೂರ್ಣಾವಧಿಯ ರೆಗ್ಯುಲರ್ ವಿದ್ಯಾರ್ಥಿಯಾಗಿರಬೇಕು. ತಾತ್ಕಾಲಿಕ ಪ್ರವೇಶ ಸಾಲದು. ಪೂರ್ಣಾವಧಿ ನೌಕರಿಯಲ್ಲಿ ಇರಬಾರದು. ಒಂದೇ ಶೈಕ್ಷಣಿಕ ವರ್ಷದಲ್ಲಿ ಎರಡು ವಿಶ್ವವಿದ್ಯಾಲಯಗಳ ಪರ ಆಡುವಂತಿಲ್ಲ. ವಯಸ್ಸಿಗೂ ಮಿತಿ ಉಂಟು. ಗಂಗಾವತಿಯಲ್ಲಿ ಸೇರಿ, ಒಂದೆರಡು ಪಂದ್ಯ ಆಡಿ, ಮನಸ್ಸು ಬದಲಾಗಿ ಹೊಸಪೇಟೆಗೆ ಬಂದರೆ ಆ ವರ್ಷದ ಆಟ ಹೋಯಿತೆಂದೇ ತಿಳಿಯಬೇಕು. ಹೊಳೆ ದಾಟುವುದು ಸುಲಭ, ವಿಶ್ವವಿದ್ಯಾಲಯ ದಾಟುವುದು ಕಷ್ಟ. ಹೊಳೆಯೂ ಸುಲಭವೇನಲ್ಲ. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ವರ್ಷ ಕಂಪ್ಲಿ ಸೇತುವೆ ಮುಳುಗುತ್ತದೆ. ಆಗ ಹಾಜರಿಯ ಗತಿ ಏನು?

ಹೊಸಪೇಟೆಯ ಹಳೆಯ ಪಿ.ಟಿ. ಮೇಷ್ಟ್ರೊಬ್ಬರು ಹುಡುಗನಿಗೆ ಹೇಳಿದ ಮಾತು ಚಿಕ್ಕದು: 'ಲೇ, ಟ್ರ್ಯಾಕ್ ಸೂಟ್ ನೋಡ್ಬೇಡ. ಮೂರು ವರ್ಷ ಆದ್ಮೇಲೆ ಕೈಗೆ ಬರೋ ಮಾರ್ಕ್ಸ್ ಕಾರ್ಡ್ ಮೇಲೆ ಯಾವ ಯೂನಿವರ್ಸಿಟಿ ಹೆಸರಿರ್ತೈತೆ, ಅದನ್ನ ನೋಡು. ಅಲ್ಲಿ ನಿನ್ನ ಆಟಕ್ಕೆ ತಂಡ ಐತೋ ಇಲ್ಲೋ ಕೇಳು.' ತಾಯಿಯ ಕಡೆ ತಿರುಗಿ, 'ಬಸ್ ಪಾಸಿನ ದುಡ್ಡಿನ ಚಿಂತೆ ಬಿಡಮ್ಮ, ಅದು ಹೆಂಗೋ ಆಗ್ತೈತೆ' ಎಂದರು.

ಈ ಮೇಷ್ಟ್ರ ಬಳಿ ಒಂದು ಉದ್ದನೆಯ ನೋಟ್‌ಬುಕ್ ಇದೆ. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಪುಟ, ಪುಟಕ್ಕೆ ನಾಲ್ಕು ಕಾಲಂ. ಮೊದಲನೆಯದು ಹುಟ್ಟಿದ ತಾರೀಖು, ಡಿಸೆಂಬರ್ 31ಕ್ಕೆ ವಯಸ್ಸೆಷ್ಟು ಎಂಬುದು. ಎರಡನೆಯದು ತಿಂಗಳು ತಿಂಗಳ ಹಾಜರಿ. ಮೂರನೆಯದು ಉಳಿದಿರುವ ವಿಷಯಗಳು. ನಾಲ್ಕನೆಯದು ಬಂದಿರುವ ಪತ್ರಗಳು, ಬರಬೇಕಾದ ಪತ್ರಗಳು. ಇಷ್ಟೇ. ಇದರಲ್ಲಿ ಯಾವ ಗಹನವೂ ಇಲ್ಲ. ಆದರೆ ತಿಂಗಳಿಗೊಮ್ಮೆ ಆ ಪುಟ ತಿರುವಿದರೆ ಶೇಕಡಾ 74 ಎಂಬ ಸಂಖ್ಯೆ ಫೆಬ್ರವರಿಯಲ್ಲಿ ದಿಢೀರನೆ ಎದುರು ಬಂದು ನಿಲ್ಲುವುದಿಲ್ಲ. ಅದು ಅಕ್ಟೋಬರಿನಲ್ಲೇ 80 ಆಗಿ ಕಾಣಿಸಿಕೊಂಡು ಎಚ್ಚರಿಸುತ್ತದೆ.

ಆ ನೋಟ್‌ಬುಕ್ಕಿನ ಇನ್ನೊಂದು ಪುಟ ಸಂಡೂರಿನ ಕಡೆಯ ಒಬ್ಬ ಹುಡುಗಿಯದು. ನಾನ್ನೂರು ಮೀಟರ್ ಓಟಗಾರ್ತಿ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. 2021ರಲ್ಲಿ ಟೋಕಿಯೋದಲ್ಲಿ ಜಾವೆಲಿನ್ ಚಿನ್ನ ಗೆದ್ದ ನೀರಜ್ ಚೋಪ್ರಾ ಅಭ್ಯಾಸ ಮಾಡಿದ ಜಾಗ ಅದು. ಅಷ್ಟು ಹತ್ತಿರದ ಹುಡುಗಿ ಆ ಗೇಟಿನೊಳಗೆ ಹೋದವಳಲ್ಲ. ಅವಳು ಓಡಿದ್ದು ಅದಿರಿನ ಕೆಂಪು ಧೂಳು ಕೂತ ರಸ್ತೆಯ ಬದಿಯಲ್ಲಿ, ಲಾರಿಗಳು ಇನ್ನೂ ಹೊರಡದ ಮುಂಜಾನೆ. ಅವಳ ತಂದೆ ಗಣಿಯಲ್ಲಿ ದುಡಿದವರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಕೈಗೆ ಬರುತ್ತಿದ್ದ ಕೂಲಿ ಒಂದೇ ದಿನಕ್ಕೆ ನಿಂತದ್ದನ್ನು ಕಂಡವರು. ಅದಕ್ಕೇ ಏನೋ, ಕಾಗದದ ಬೆಲೆ ಅವರಿಗೆ ಗೊತ್ತಿತ್ತು. ಮಗಳು ಓಡಿ ತಂದ ಪ್ರತಿಯೊಂದು ಸರ್ಟಿಫಿಕೇಟನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಟ್ರಂಕಿನಲ್ಲಿ ಜಮೀನಿನ ಪತ್ರದ ಪಕ್ಕ ಇಟ್ಟಿದ್ದರು.

ಪಿಯುಸಿ ಆದ ಕೂಡಲೇ ಒಂದು ಕಂಪನಿಯಲ್ಲಿ ಕೆಲಸದ ಮಾತು ಬಂತು. ಕೆಲಸ ಸೇರಿ ಹಾಗೇ ಡಿಗ್ರಿಗೂ ಹೆಸರು ಹಚ್ಚಿಸಿ ಓಡಿದರಾಗದೇ ಎಂದು ತಂದೆ ಕೇಳಿದರು. ಮೇಷ್ಟ್ರು ನಿಯಮ ತೋರಿಸಿದರು: ಪೂರ್ಣಾವಧಿ ನೌಕರಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗವಿಲ್ಲ. ನೌಕರಿ ಬೇಡವೆನ್ನುವುದೂ ಸುಲಭವಲ್ಲ. ಕೊನೆಗೆ ಅವರು ಮುಂದಿನ ಲೆಕ್ಕ ಮಾಡಿದರು. ರೈಲ್ವೆಯ ಕ್ರೀಡಾ ಕೋಟಾದಲ್ಲಿ ಎಸ್ಸೆಸ್ಸೆಲ್ಸಿಗೆ ಒಂದು ಹಂತ, ಪಿಯುಸಿಗೆ ಒಂದು ಹಂತ, ಪದವೀಧರರಿಗೆ ಅದಕ್ಕಿಂತ ಮೇಲಿನ ಹಂತ. ಪಿ.ಟಿ. ಶಿಕ್ಷಕಿಯಾಗಲು ಬಿ.ಪಿ.ಇಡಿ. ಮಾಡುವುದಾದರೆ ಪದವಿಯಲ್ಲಿ ಸಾಮಾನ್ಯವಾಗಿ ಶೇಕಡಾ 50 ಅಂಕ ಬೇಕು, ರಾಷ್ಟ್ರಮಟ್ಟದಲ್ಲೋ ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲೋ ಆಡಿದವರಿಗೆ ಶೇಕಡಾ 45. ಓಟ ಕೈಕೊಟ್ಟರೂ ಪದವಿ ಕೈಬಿಡುವುದಿಲ್ಲ. ಹುಡುಗಿ ಬಿ.ಎಸ್ಸಿ.ಗೇ ಸೇರಿದಳು. ಪ್ರಯೋಗಾಲಯ ಮಧ್ಯಾಹ್ನ, ಓಟ ಬೆಳಗಿನ ಐದಕ್ಕೆ. ಸೈನ್ಸ್ ಓದಿದರೆ ಆಟ ಆಗದು ಎಂಬ ಮಾತು ಅರ್ಧ ಮಾತ್ರ ನಿಜ. ಯಾವ ಹೊತ್ತಿಗೆ ಯಾವುದು ಎಂದು ಗೊತ್ತು ಮಾಡಿಕೊಳ್ಳದಿದ್ದರೆ ಆಗದು.

ಇದು ಇಲ್ಲಿನ ಬಡ ಮಕ್ಕಳ ಪಾಡು ಮಾತ್ರ ಎಂದುಕೊಳ್ಳಬೇಕಿಲ್ಲ. ಅಮೆರಿಕದಲ್ಲೂ ಜೂನಿಯರ್ ಕಾಲೇಜು ಇದೆ. ಎರಡು ವರ್ಷದ ಓದು, ಆಮೇಲೆ ನಾಲ್ಕು ವರ್ಷದ ಕಾಲೇಜಿಗೆ ಬದಲಾವಣೆ. 1938ರಲ್ಲೇ ಅವುಗಳಿಗೊಂದು ಕ್ರೀಡಾ ಸಂಘ ಹುಟ್ಟಿತು. ದೊಡ್ಡ ಕಾಲೇಜಿನ ಮೊದಲ ದರ್ಜೆಯ ತಂಡಕ್ಕೆ ಹೋಗುವ ಹುಡುಗನಿಗೆ 4ರ ಅಳತೆಯಲ್ಲಿ 2.5 ಸರಾಸರಿ ಕೇಳುತ್ತಾರೆ. ಮೂರನೆಯ ವರ್ಷಕ್ಕೆ ಕಾಲಿಡುವಾಗ ಪದವಿಯ ಓದಿನಲ್ಲಿ ಶೇಕಡಾ 40 ಭಾಗ ಮುಗಿಸಿರಬೇಕು ಎನ್ನುತ್ತಾರೆ. ಎರಡು ವರ್ಷ ಓದಿದ್ದು ಹೊಸ ಕಾಲೇಜಿನ ಪದವಿಗೆ ಹೊಂದದಿದ್ದರೆ ಅಲ್ಲೂ ಹುಡುಗ ಬೆಂಚಿನ ಮೇಲೆಯೇ. 2024ರ ಡಿಸೆಂಬರಿನಲ್ಲಿ ಡಿಯೆಗೊ ಪಾವಿಯಾ ಎಂಬ ಫುಟ್‌ಬಾಲ್ ಆಟಗಾರ, ಜೂನಿಯರ್ ಕಾಲೇಜಿನಲ್ಲಿ ಆಡಿದ ವರ್ಷಗಳನ್ನು ತನ್ನ ಲೆಕ್ಕಕ್ಕೆ ಹಿಡಿಯಬಾರದೆಂದು ಕೋರ್ಟಿಗೆ ಹೋಗಿ ತಾತ್ಕಾಲಿಕ ತಡೆ ತಂದು ಮತ್ತೊಂದು ವರ್ಷ ಆಡಿದ. ಆಟಗಾರನ ಒಂದು ವರ್ಷಕ್ಕೆ ಅಲ್ಲಿ ಅಷ್ಟು ಬೆಲೆ. ಈ ಲೆಕ್ಕ ನೋಡಿಕೊಳ್ಳಲೆಂದೇ ಅಲ್ಲಿನ ಕಾಲೇಜುಗಳಲ್ಲಿ ಸಂಬಳದ ಸಲಹೆಗಾರರಿದ್ದಾರೆ. ಇಲ್ಲಿ ಒಬ್ಬ ಮೇಷ್ಟ್ರ ನೋಟ್‌ಬುಕ್, ಒಬ್ಬ ತಂದೆಯ ಟ್ರಂಕು, ಒಬ್ಬ ತಾಯಿಯ ಅಕ್ಕಿ ಡಬ್ಬಿ.

ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರು ವರ್ಷದ್ದಾಯಿತು. ಆಟಗಾರನ ಮಟ್ಟಿಗೆ ಇದರ ಅರ್ಥ ಸರಳ. ಮೂರು ವರ್ಷಕ್ಕೆ ಮೂರೇ ಸಲ ವಿಶ್ವವಿದ್ಯಾಲಯದ ಆಯ್ಕೆ. ಅದರಲ್ಲಿ ಒಂದು ಹಾಜರಿಯಿಂದ ಹೋದರೆ ಮೂರರಲ್ಲೊಂದು ಪಾಲು ಹೋದಂತೆ. ಪಿಯು ಮೊದಲ ವರ್ಷಕ್ಕೆ ಸೇರುವ ದಿನವೇ ಈ ಐದು ವರ್ಷವನ್ನು ಒಟ್ಟಿಗೆ ನೋಡುವವರು ಹುಡುಗನ ಪಕ್ಕದಲ್ಲಿ ಒಬ್ಬರಾದರೂ ಬೇಕು. ಮನೆಯವರಿಗೆ ಗೊತ್ತಾಗದಿದ್ದರೆ ಮೇಷ್ಟ್ರು, ಮೇಷ್ಟ್ರಿಗೆ ಪುರಸೊತ್ತಿಲ್ಲದಿದ್ದರೆ ಮುಂಚೆ ಆಡಿ ಬಿಟ್ಟ ಊರಿನ ಅಣ್ಣಂದಿರು. ಕೇಳಬೇಕಾದ ಪ್ರಶ್ನೆಗಳೂ ಬಹಳವಿಲ್ಲ. ಈ ತಿಂಗಳ ಹಾಜರಿ ಎಷ್ಟು? ಹೋದ ಪಂದ್ಯದ ಪತ್ರ ಕೊಟ್ಟೆಯಾ? ಯಾವ ವಿಷಯ ಕೈಗೆ ಸಿಗುತ್ತಿಲ್ಲ? ಮುಂದಿನ ಪಂದ್ಯಕ್ಕೆ ಯಾವ ಫಾರಂ ಬರುತ್ತದೆ?

ಕಂಪ್ಲಿಯ ಹುಡುಗ ಹೊಸಪೇಟೆಯಲ್ಲಿ ಬಿ.ಎ. ಸೇರಿದ್ದಾನೆ. ಮೊದಲ ವರ್ಷ ವಿಶ್ವವಿದ್ಯಾಲಯದ ಆಯ್ಕೆಯಲ್ಲಿ ಕೊನೆಯ ಸುತ್ತಿನ ತನಕ ಹೋಗಿ ಉಳಿದ. ಈ ಸಲ ಅವನನ್ನು ಉಳಿಸಿದ್ದು ಎದುರಾಳಿಯ ಹಿಡಿತ, ಕಚೇರಿಯ ಗೆರೆಯಲ್ಲ. ಸೋತು ಬಂದವನು ಅಳಲಿಲ್ಲ, 'ಅವ್ವಾ, ಮುಂದಿನ ವರ್ಷ ನೋಡೂಣು' ಎಂದ. ಮುಂದಿನ ವರ್ಷ ಎಂಬುದೊಂದು ಅವನಿಗೆ ಈಗ ಇದೆ.